ಹದಿನಾಲ್ಕು ಲುಡ್ವಿಗರು, ಒಂಬತ್ತು ದೇಸಾಯರು

ತೊರೆಹಾಳದ ಖಂಡೇರಾವ ದೇಸಾಯರಿಗೆ ಇತಿಹಾಸ ಬೇಕು ಅನ್ನಿಸಿದ್ದು ಆಳಲು ಒಂದು ಊರೂ ಉಳಿಯದ ಮೇಲೆ. ಒಂಬತ್ತು ಹಳ್ಳಿಗಳ ವತನ ಸರಕಾರಕ್ಕೆ ಹೋಗಿ ಎಂಟೊಂಬತ್ತು ವರ್ಷವಾಗಿತ್ತು. ಉಳಿದದ್ದು ಒಂದು ವಾಡೆ, ಅದರ ಏಳು ಬಾಗಿಲು, ಆ ಬಾಗಿಲು ತೆರೆದು ಮುಚ್ಚಲು ಮಡಿವಾಳಪ್ಪ ಎಂಬ ಮುದುಕ ಆಳು, ಮತ್ತು ದೇಸಾಯರ ಮೀಸೆ. ಹೊಸ ಕಾಯಿದೆ ಆ ಮೀಸೆಯೊಂದನ್ನು ಮುಟ್ಟಿರಲಿಲ್ಲ. ಹೀಗಿರುವಾಗ ಇಂಡಿ ಕಡೆಯ ಅವರ ಬೀಗರು, ಅವರೂ ದೇಸಾಯರೇ, ತಮ್ಮ ಮನೆತನದ ಚರಿತ್ರೆಯನ್ನು ಅಚ್ಚು ಹಾಕಿಸಿ ಒಂದು ಪ್ರತಿಯನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಕಳಿಸಿದರು. ಅವತ್ತಿನಿಂದ ಖಂಡೇರಾಯರಿಗೆ ಊಟ ರುಚಿಸಲಿಲ್ಲ. ಮೂರನೆಯ ದಿನ ಅಮೀನುದ್ದೀನ ಮಾಸ್ತರನಿಗೆ ಕರೆ ಹೋಯಿತು.

ಅಮೀನುದ್ದೀನ ಅದೇ ಊರಿನವನು. ದಿನಾ ಸೈಕಲ್ ತುಳಿದು ಸಿಂದಗಿಗೆ ಹೋಗಿ ಹೈಸ್ಕೂಲಿನ ಮಕ್ಕಳಿಗೆ ಇತಿಹಾಸ ಕಲಿಸುತ್ತಿದ್ದ. ವಯಸ್ಸು ನಲವತ್ತಮೂರು. ರಾಜರ ಹೆಸರನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿ ಮಾಡಿಸಿ ಅವನಿಗೆ ರಾಜರೆಂದರೆ ಓಕರಿಕೆ ಬಂದಿತ್ತು.

"ಮಾಸ್ತರ, ನಮ್ಮ ಸಂಸ್ಥಾನದ್ದ ಒಂದ ಇತಿಹಾಸ ಬರೀಬೇಕ್ರಿ," ಎಂದರು ದೇಸಾಯರು. "ಬೀಗರದ್ದು ನೂರಾ ಎಂಟ ಪುಟ ಐತಿ. ನಮ್ದು ಇನ್ನೂರ ಆಗಬೇಕು."

"ಏನೇನ ಬರೀಬೇಕ್ರಿ ಧಣ್ಯಾರ?"

"ಅದನ್ನ ನೀವ ಹೇಳಬೇಕು. ಕಲ್ತಾವ್ರ ನೀವು."

ಸಂಸ್ಥಾನವಂತೆ! ಒಂಬತ್ತು ಹಳ್ಳಿ, ಅದರಲ್ಲಿ ಎರಡಕ್ಕೆ ಸಿಹಿನೀರಿನ ಬಾವಿ ಇರಲಿಲ್ಲ. ಒಂಬತ್ತು ತಲೆಮಾರಿನ ದೇಸಾಯರಲ್ಲಿ ಒಬ್ಬರಾದರೂ ಆ ಬಾವಿ ತೋಡಿಸಿರಲಿಲ್ಲ. ಅಮೀನುದ್ದೀನ ನಗುವನ್ನು ನುಂಗಿಕೊಂಡು, ಸಾಲಿಯ ಕೆಲಸವೇ ಮುಗಿಯುವುದಿಲ್ಲ ಎಂದು ನೆಪ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಪಡಸಾಲೆಯ ಮೂಲೆಯಲ್ಲಿದ್ದ ದೊಡ್ಡ ಪೆಟ್ಟಿಗೆ ಕಣ್ಣಿಗೆ ಬಿತ್ತು. ಅದು ವಾಡೆಯ ದಫ್ತರ. ಹಳೆಯ ಕಾಗದಗಳೆಲ್ಲ ಅದರಲ್ಲಿವೆ ಎಂದು ಅವನು ಚಿಕ್ಕಂದಿನಿಂದ ಕೇಳಿದ್ದ.

"ದಫ್ತರ ಎಲ್ಲಾ ತಗದ ತೋರಸ್ತೀರೇನ್ರಿ?"

"ನೀವ ತಗೀರಿ. ನನಗೇನು ಅದನ್ನ ಓದಾಕ ಬರ್ತೈತೇನು?"

ಅಮೀನುದ್ದೀನ ಒಪ್ಪಿಕೊಂಡ. ದೇಸಾಯರ ಇತಿಹಾಸಕ್ಕಾಗಿ ಅಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಮನುಷ್ಯನ ಸುದ್ದಿ.

ಅವನ ಅಪ್ಪ ಹಾಜಿಮಲಂಗ ಇದೇ ವಾಡೆಯಲ್ಲಿ ಕುದುರೆ ನೋಡಿಕೊಳ್ಳುವ ಚಾಕರಿಗಿದ್ದ. ಹತ್ತೊಂಬತ್ತುನೂರ ಹದಿನೇಳರಲ್ಲಿ, ಅಮೀನುದ್ದೀನ ಎಂಟು ತಿಂಗಳ ಕೂಸಾಗಿದ್ದಾಗ, ಸೊಲ್ಲಾಪುರದ ಬಾಜಾರಕ್ಕೆ ವಾಡೆಯ ಕುದುರೆ ಹೊಡೆದುಕೊಂಡು ಹೋಗುತ್ತೇನೆಂದು ಹೇಳಿ ಒಂದು ಮುಂಜಾನೆ ಹೊರಟವನು ತಿರುಗಿ ಬರಲಿಲ್ಲ. ಹೆಂಡತಿ ಮಾಬುಬಿ ಕೂಸು ಎತ್ತಿಕೊಂಡು ವಾಡೆಗೆ ಹೋಗಿ ಕೇಳಿದರೆ, "ಓಡಿ ಹೋದ" ಎಂಬ ಉತ್ತರ ಬಂತು. ಊರು ಅದನ್ನೇ ಹಿಡಿದುಕೊಂಡಿತು. ನಾಟಕದ ಹೆಂಗಸಿನ ಹಿಂದೆ ಹೋದ ಎಂದರು ಕೆಲವರು. ಮುಂಬಯಿಯಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆ ಎಂದರು ಕೆಲವರು. ನೋಡಿ ಬಂದವರು ಒಬ್ಬರೂ ಇರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು.

ಮಾಬುಬಿ ಕೈಯ ಹಸಿರು ಬಳೆ ತೆಗೆಯಲಿಲ್ಲ. ಮದುವೆ ಮನೆಗಳಲ್ಲಿ ಹೆಂಗಸರು ಆ ಬಳೆ ನೋಡಿ ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿಯುತ್ತಿದ್ದರು. ಗಂಡನ ಹೆಸರು ಹೇಳುವುದು ಆ ಕಾಲದ ಹೆಣ್ಣುಮಕ್ಕಳಿಗೆ ಸಲ್ಲದ ಮಾತು, ಆಕೆ "ಅವರು" ಎನ್ನುತ್ತಿದ್ದಳು. ಊರಿಗೆ ಹೆಸರಿನ ಜರೂರಿಯೇ ಇರಲಿಲ್ಲ, "ಓಡಿಹೋದಾವ" ಎಂದರೆ ಸಾಕಾಗಿತ್ತು. ಹೀಗೆ ಒಬ್ಬ ಮನುಷ್ಯನ ಹೆಸರು ನಲವತ್ತೆರಡು ವರ್ಷ ಯಾರ ಬಾಯಲ್ಲೂ ಬರದೆ, ಮಗನ ಸಹಿಯ ನಡುವೆ 'ಹಾ' ಎಂಬ ಒಂದೇ ಅಕ್ಷರವಾಗಿ ಉಳಿದಿತ್ತು. ಅಪ್ಪ ತಮ್ಮನ್ನು ಬಿಟ್ಟು ಓಡಿಹೋದನೋ ಇಲ್ಲವೋ, ಅಷ್ಟು ತಿಳಿಯಬೇಕಾಗಿತ್ತು ಅಮೀನುದ್ದೀನನಿಗೆ. ಅವ್ವ ಕಣ್ಣು ಮುಚ್ಚುವ ಮೊದಲು ತಿಳಿಯಬೇಕಾಗಿತ್ತು.

ಐತವಾರ ಐತವಾರ ಅವನು ವಾಡೆಗೆ ಹೋಗಿ ದಫ್ತರ ಬಿಚ್ಚಿದ. ಅರ್ಧ ಗೆದ್ದಲು ತಿಂದಿತ್ತು. ಉಳಿದ ಅರ್ಧದಲ್ಲಿ ಒಂದೇ ಸಂಗತಿ: ಜಾತ್ರೆಯಲ್ಲಿ ಮೊದಲ ವೀಳ್ಯ ತೊರೆಹಾಳದ ದೇಸಾಯರಿಗೋ ಇಂಡಿಯ ಬೀಗರಿಗೋ ಎಂಬ ಜಗಳ. ಆ ಎರಡು ಎಲೆ, ಒಂದು ಅಡಿಕೆಗಾಗಿ ಮೂರು ತಲೆಮಾರು ಕೋರ್ಟು ಹತ್ತಿದ್ದರು. ಅಪ್ಪನ ಹೆಸರು ಎಲ್ಲೂ ಸಿಗಲಿಲ್ಲ. ಒಮ್ಮೆ ಧೈರ್ಯ ಮಾಡಿ ನೇರವಾಗಿ ಕೇಳಿದ.

"ಧಣ್ಯಾರ, ನಮ್ಮಪ್ಪ ಇಲ್ಲೆ ಕುದರಿ ಚಾಕರಿಗಿದ್ದ್ರು. ನಿಮಗೇನರೆ ನೆನಪ ಐತೇನ್ರಿ?"

ದೇಸಾಯರು ಎಲೆ ಮೆಲ್ಲುತ್ತ ಸ್ವಲ್ಪ ಯೋಚಿಸಿದರು. "ಅವನೇನು, ಓಡಿ ಹೋದ," ಎಂದು ಪೀಕದಾನಿಯಲ್ಲಿ ಉಗುಳಿದರು.

ಇನ್ನು ಇನ್ನೂರು ಪುಟ ತುಂಬುವುದು ಹೇಗೆ? ಬಿಟ್ಟುಬಿಡಬಹುದಿತ್ತು. ಆದರೆ ವಾಡೆಯ ಏಳು ಬಾಗಿಲಲ್ಲಿ ಅವನು ಇನ್ನೂ ನಾಲ್ಕನೆಯದರ ತನಕ ಮಾತ್ರ ಹೋಗಿದ್ದ, ಒಳಗೆ ಬೇರೆ ಕಾಗದ ಇರಬಹುದೆಂಬ ಆಸೆ ಇತ್ತು. ಇತಿಹಾಸ ನಡೆಯುತ್ತಿದ್ದಷ್ಟು ದಿನ ಮಾತ್ರ ಬಾಗಿಲು ತೆರೆಯುತ್ತಿದ್ದವು. ಆಗ ಅವನಿಗೆ ನೆನಪಾದದ್ದು ಕೆಂಪು ರಟ್ಟಿನ ಪುಸ್ತಕ.

ಅದನ್ನು ವಿಜಾಪುರದ ರದ್ದಿ ಅಂಗಡಿಯಲ್ಲಿ ಕೊಂಡಿದ್ದ. ಯಾವನೋ ಇಂಗ್ಲಿಷ್ ಸಾಹೇಬ ಬಿಟ್ಟುಹೋದದ್ದು. ಜರ್ಮನಿಯ ಹಾರ್ಟೆನ್‌ಫೆಲ್ಡ್ ಎಂಬ ಪುಟ್ಟ ಸಂಸ್ಥಾನದ ಇತಿಹಾಸ, ಆರುನೂರು ಪುಟ. ಊರು ಎಷ್ಟು? ಹನ್ನೊಂದು ಹಳ್ಳಿ, ಒಂದು ಪೇಟೆ. ಮುಂಜಾನೆ ರೊಟ್ಟಿ ತಿಂದು ಚಕ್ಕಡಿ ಹೂಡಿದರೆ ಮಧ್ಯಾಹ್ನದ ಊಟಕ್ಕೆ ಸಂಸ್ಥಾನ ಮುಗಿದು ಪರರಾಜ್ಯ. ಆಳಿದವರೆಲ್ಲರ ಹೆಸರೂ ಲುಡ್ವಿಗ್. ಒಂದರಿಂದ ಹದಿನಾಲ್ಕರ ತನಕ. ಮಕ್ಕಳಿಗೆ ಹೊಸ ಹೆಸರಿಡುವಷ್ಟೂ ಬುದ್ಧಿ ಖರ್ಚು ಮಾಡದ ವಂಶ ಅದು. ಮೂರನೆಯ ಲುಡ್ವಿಗ್ ಸೇತುವೆಯ ಮೇಲೆ ಪಕ್ಕದ ರಾಜನ ಸಾರೋಟಿಗೆ ದಾರಿ ಬಿಡಬಾರದೆಂದು ಒಂದೂವರೆ ದಿನ ಅಲ್ಲೇ ಕೂತ, ಊಟವನ್ನೂ ಸೇತುವೆಗೇ ತರಿಸಿಕೊಂಡ. ಐದನೆಯವನ ಬಳಿ ಒಂದೇ ತೋಪು ಇತ್ತು, ಹುಟ್ಟುಹಬ್ಬಕ್ಕೆ ಹಾರಿಸಿ ತನ್ನದೇ ಅರಮನೆಯ ಮಾಳಿಗೆ ಬೀಳಿಸಿಕೊಂಡ. ಆರನೆಯವನು ನೆರೆಯವನ ಅರಮನೆಗೆ ನೂರು ಕಿಟಕಿ ಇವೆ ಎಂದು ತನ್ನದಕ್ಕೆ ನೂರಾ ಒಂದು ಇಡಿಸಿದ. ಅರ್ಧದಷ್ಟು ಕಿಟಕಿ ತೆರೆದರೆ ಹಿಂದೆ ಬರೀ ಗೋಡೆ.

ಏಳನೆಯವನು ಎಲ್ಲರನ್ನೂ ಮೀರಿಸಿದ್ದ. ಸಮುದ್ರದಾಚೆ ಇಂಗ್ಲೆಂಡಿನ ರಾಜನಿಗೆ ಯುದ್ಧಕ್ಕೆ ಜನ ಬೇಕಾದಾಗ ತನ್ನ ಹಳ್ಳಿಗಳಿಂದ ಇನ್ನೂರ ಹನ್ನೆರಡು ಗಂಡಾಳುಗಳನ್ನು ಹಿಡಿದು ಮಾರಿದ, ಬಂದದ್ದರಲ್ಲಿ ನಾಟಕದ ಮನೆ ಕಟ್ಟಿಸಿದ. ಅವನ ಬೇಟೆನಾಯಿ ಸತ್ತಾಗ ಅದಕ್ಕೆ ಹಾಲುಗಲ್ಲಿನ ಗೋರಿ. ಪುಸ್ತಕದಲ್ಲಿ ಆ ನಾಯಿಯ ಹೆಸರಿತ್ತು, ಅದರ ತಾಯಿಯ ಹೆಸರೂ ಇತ್ತು. ಮಾರಿದ ಇನ್ನೂರ ಹನ್ನೆರಡು ಜನರಲ್ಲಿ ಒಬ್ಬನ ಹೆಸರೂ ಇರಲಿಲ್ಲ. ಹದಿನಾಲ್ಕನೆಯ ಲುಡ್ವಿಗ್ ಜರ್ಮನ್ ಲಡಾಯಿ, ಅಂದರೆ ಮೊದಲ ಮಹಾಯುದ್ಧ, ಸೋತ ಮೇಲೆ ಗಾದಿ ಬಿಟ್ಟು ಹನ್ನೊಂದು ಟ್ರಂಕು ಸಮೇತ ರೈಲು ಹತ್ತಿದ, ಅಲ್ಲಿಗೆ ಗ್ರಂಥ ಸಮಾಪ್ತಿ.

ಅಮೀನುದ್ದೀನ ಲುಡ್ವಿಗರಿಗೆ ರುಮಾಲು ಸುತ್ತಿ ದೇಸಾಯರನ್ನಾಗಿ ಮಾಡಿದ. ಸಾರೋಟನ್ನು ಮೇಣೆ ಮಾಡಿದ, ಸೇತುವೆಯನ್ನು ಡೋಣಿ ಹೊಳೆಯ ದಾಟು ಮಾಡಿದ. ಮೊದಲ ಭಾಗ ಓದುವ ದಿನ ಒಳಗೊಳಗೇ ಅಳುಕಿತ್ತು. ಇಷ್ಟು ಬಹಿರಂಗವಾಗಿ ಮುಖಕ್ಕೆ ಮಸಿ ಬಳಿದರೆ ಎಂಥ ಮೂರ್ಖನಿಗೂ ತಿಳಿಯಬೇಕು.

ದೇಸಾಯರಿಗೆ ತಿಳಿಯಲಿಲ್ಲ. ಒಂದೂವರೆ ದಿನ ಹೊಳೆಯಲ್ಲಿ ಮೇಣೆ ನಿಲ್ಲಿಸಿದ ಅಜ್ಜನ ಕಥೆ ಕೇಳಿ ತೊಡೆ ತಟ್ಟಿದರು. "ಖರೇ ಮಾತ್ರಿ! ನಮ್ಮ ಮಂದಿ ದಾರಿ ಬಿಡೂ ಮಂದೀನ ಅಲ್ಲ!" ತೋಪು ಹಾರಿಸಿ ಮಾಳಿಗೆ ಬೀಳಿಸಿಕೊಂಡದ್ದನ್ನು ಕೇಳಿ ಮೇಲೆ ನೋಡಿ, "ಅದಕ್ಕ ಆ ಮೂಲಿ ಸೋರತೈತಿ," ಎಂದು ತಲೆದೂಗಿದರು. ಕಿಟಕಿಯ ಸಂಗತಿ ಬಂದಾಗ ಮಾತ್ರ ಸ್ವಲ್ಪ ಬೇಸರಪಟ್ಟರು. ತಮ್ಮ ವಾಡೆಗೆ ಇರುವುದು ನಾಲ್ಕೇ ಕಿಟಕಿ, ಉಳಿದವು ಎಲ್ಲಿ ಹೋದವು ಎಂದು ಮಡಿವಾಳಪ್ಪನನ್ನು ಗದರಿಸಿದರು.

ನಾಲ್ಕು ತಿಂಗಳು ಹೀಗೆ ನಡೆಯಿತು. ಅಮೀನುದ್ದೀನನಿಗೆ ಮೊದಲು ಮಜಾ ಅನ್ನಿಸಿದ್ದು ಬರುಬರುತ್ತ ಹೇಸಿಕೆಯಾಯಿತು. ಎಂಥ ಹೊಲಸು ಕೊಟ್ಟರೂ ಗಂಧವೆಂದು ಹಣೆಗೆ ಹಚ್ಚಿಕೊಳ್ಳುವ ಮನುಷ್ಯನನ್ನು ಏನು ಮಾಡುವುದು? ಏಳನೆಯ ಬಾಗಿಲಿನ ತನಕ ಹುಡುಕಿ ಆಗಿತ್ತು, ಅಪ್ಪನ ಸುಳಿವಿರಲಿಲ್ಲ. ಕೊನೆಗೆ ಸಿಟ್ಟಿನಿಂದ ಏಳನೆಯ ಲುಡ್ವಿಗನನ್ನೇ ತೆಗೆದ. ಇದನ್ನು ಕೇಳಿಯಾದರೂ ಈ ಮೀಸೆ ಇಳಿಯಲಿ, ತನ್ನನ್ನು ಹೊರಗೆ ಹಾಕಲಿ ಎಂದುಕೊಂಡ.

"ಏಳನೆಯ ದೇಸಾಯರು ತಮ್ಮ ಹಳ್ಳಿಗಳ ಬಡವರ ಮಕ್ಕಳನ್ನು ಹಿಡಿದು, ಪರದೇಶದ ಯುದ್ಧಕ್ಕೆಂದು ದೊರೆಗಳಿಗೆ ಒಪ್ಪಿಸಿದರು. ಅವರಲ್ಲಿ ಯಾರೂ ಮರಳಲಿಲ್ಲ. ಪ್ರತಿಯಾಗಿ ದೇಸಾಯರಿಗೆ ಮರ್ಯಾದೆ ದೊರೆಯಿತು," ಎಂದು ಓದಿ ತಲೆ ಎತ್ತಿದ.

ದೇಸಾಯರ ಬಾಯಲ್ಲಿ ಎಲೆ ನಿಂತಿತ್ತು. ಬಾಗಿಲ ಬಳಿ ಮಡಿವಾಳಪ್ಪ ಗೋಡೆ ಹಿಡಿದುಕೊಂಡ.

"ಇದನ್ನ ಯಾರ ಹೇಳಿದ್ರು ನಿಮಗ?" ಎಂದರು ದೇಸಾಯರು. ಸಿಟ್ಟಿರಲಿಲ್ಲ ದನಿಯಲ್ಲಿ, ಅಚ್ಚರಿಯಿತ್ತು. "ಏಳನೇದವ್ರಲ್ಲ ಮಾಸ್ತರ, ಎಂಟನೇದವ್ರು. ನಮ್ಮ ತಂದಿ ಅಪ್ಪಾಸಾಹೇಬ್ರು. ಜರ್ಮನ್ ಲಡಾಯಿಯಾಗ. ಸರಕಾರಕ್ಕ ಫೌಜಿನ ಸಾಮಾನ ಹೊರೂ ಹೇಸರಕತ್ತಿ ಹೊಡ್ಯಾಕ ಮಂದಿ ಬೇಕಾಗಿತ್ತು. ಒಂಬತ್ತೂ ಊರಿಂದ ನಲವತ್ತೊಂದು ಮಂದಿ ಕೊಟ್ರು! ಜಿಲ್ಲಾದಾಗ ಯಾ ದೇಸಾಯೀನೂ ಅಷ್ಟ ಕೊಡಲಿಲ್ಲ. ಅದಕ್ಕ 'ರಾವಸಾಹೇಬ' ಬಿರುದು ಬಂತು, ಇದು ಬಂತು."

ಅವರು ಬೆರಳು ತೋರಿದ್ದು ಅಮೀನುದ್ದೀನನ ತಲೆಯ ಮೇಲಕ್ಕೆ. ಗೋಡೆಯಲ್ಲಿ ಜೋಡುನಳಿಗೆಯ ಬಂದೂಕು ತೂಗುತ್ತಿತ್ತು. ನಾಲ್ಕು ತಿಂಗಳು ಅವನು ಅದರ ಕೆಳಗೇ ಕೂತು ಬರೆದಿದ್ದ. ಆ ಬಂದೂಕಿನಿಂದ ದೇಸಾಯರು ಹೊಲದಲ್ಲಿ ಬೆಳವ ಹಕ್ಕಿ ಹೊಡೆಯುವುದನ್ನು ಊರೆಲ್ಲ ನೋಡಿತ್ತು.

"ಏ ಮಡಿವಾಳ್ಯಾ, ಬಂದೂಕಿನ ಪೆಟಗಿ ತಾ. ಯಾದಿ ಅದರಾಗ ಐತಿ."

ಮಡಿವಾಳಪ್ಪ ತಂದಿಟ್ಟ ಪೆಟ್ಟಿಗೆಯ ತಳದಲ್ಲಿ, ಮಖಮಲ್ಲಿನ ಕೆಳಗೆ, ಮಡಚಿದ ಒಂದು ಹಾಳೆ. ನಲವತ್ತೊಂದು ಹೆಸರು, ಎದುರಿಗೆ ನಲವತ್ತೊಂದು ಹೆಬ್ಬೆಟ್ಟು. ಮೂವತ್ತಮೂರನೆಯ ಸಾಲು: ಹಾಜಿಮಲಂಗ, ತಂದೆ ಮಶಾಕಸಾಬ, ತೊರೆಹಾಳ. ಹಾಳೆಯ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಯ ತನಕ ಕೆಂಪು ಪೆನ್ಸಿಲಿನ ಒಂದೇ ಗೆರೆ. ಲೆಕ್ಕವೆಲ್ಲ ತಪ್ಪಿದ ಹುಡುಗನ ಪಾಟಿಯ ಮೇಲೆ ಮಾಸ್ತರರು ಎಳೆಯುವಂಥದ್ದು. ಬುಡದಲ್ಲಿ ಸಣ್ಣ ಅಕ್ಷರ: 'ಹಡಗು ಬಸ್ರಾ ಮುಟ್ಟಲಿಲ್ಲ. ಎಲ್ಲರೂ ಮುಳುಗಿದರು.'

ಅಮೀನುದ್ದೀನ ಹಾಳೆ ಕೆಳಗಿಟ್ಟ. "ಓಡಿ ಹೋದ ಅಂದಿದ್ರಿ."

"ಅನ್ನಬೇಕಲ್ರೀ ಏನರೆ," ಎಂದರು ದೇಸಾಯರು, ಎಲೆ ಮತ್ತೆ ಮೆಲ್ಲತೊಡಗಿ. "ಲಡಾಯಿಗಿ ಅಂದ್ರ ಯಾರ ಬರ್ತಿದ್ರು? ಸೊಲ್ಲಾಪುರ ಬಾಜಾರಕ್ಕ ಅಂತ ಹೇಳಿ ಇಂಡಿ ಸ್ಟೇಷನ್ನಿಗಿ ಒಯ್ದ್ರು. ಆಮ್ಯಾಲ ಮುಳುಗ್ಯಾರ ಅಂತ ತಿಳಿಸಿದ್ರ ನಲವತ್ತೊಂದು ಹೆಂಗಸ್ರು ಬಂದು ವಾಡೇದ ಮುಂದ ಬಾಯಿ ಬಡಕೋತಿದ್ರು. ಆ ವರ್ಷ ನನ್ನ ಲಗ್ನ ಇತ್ತು."

ಸುಳ್ಳು ಹೇಳಿದ್ದೇನೆಂಬ ಅಳುಕೂ ಆ ಮುಖದಲ್ಲಿರಲಿಲ್ಲ. ಕ್ರೂರಿಯಾಗಿದ್ದರೆ ದ್ವೇಷಿಸಬಹುದಿತ್ತು. ಇವರಿಗೆ ಲೆಕ್ಕ ನೆನಪಿತ್ತು, ಜನ ಮರೆತೇಹೋಗಿದ್ದರು. ಎದುರಿಗೆ ಕೂತವನು ಆ ಯಾದಿಯಲ್ಲಿದ್ದವನ ಮಗ ಎಂಬುದು ಈಗಲೂ ಅವರ ತಲೆಗೆ ಹೊಳೆದಿರಲಿಲ್ಲ.

"ಈ ಯಾದಿ ಪುಸ್ತಕದಾಗ ಹಾಕ್ಲೇನ್ರಿ?"

"ಹಾಕ್ರಿ ಹಾಕ್ರಿ! ಬೀಗರದಾಗ ಹಿಂತಾದ್ದ ಒಂದೂ ಇಲ್ಲ."

ಹೊರಗೆ ಬಂದಾಗ ಕಟ್ಟೆಯ ಬಳಿ ಮಡಿವಾಳಪ್ಪ ಅವನ ಸೈಕಲ್ ಹಿಡಿದು ನಿಂತಿದ್ದ. "ಸ್ಟೇಷನ್ ಮಟಾ ನಾನೂ ಹೋಗಿದ್ದ್ಯಾ ಮಾಸ್ತರ. ಕುದರಿ ತಿರಿಗಿ ತಂದಾಂವ ನಾನ. ಬಾಯಿ ಬಿಡಬಾರದು ಅಂತ ಆಣಿ ಹಾಕಿಸಿದ್ರು," ಎಂದ. ಅಮೀನುದ್ದೀನ ಸೈಕಲ್ ಕಿತ್ತುಕೊಂಡು ಹೊರಟ. ನಲವತ್ತೆರಡು ವರ್ಷ ದಿನಾ ತಮ್ಮ ಮನೆಯ ಮುಂದೆ ಹಾದುಹೋದ ಈ ಮುದುಕನ ಎದುರು ಇನ್ನೊಂದು ಗಳಿಗೆ ನಿಂತರೆ ಕೈ ಎತ್ತಿಬಿಡುತ್ತೇನೆಂದು ಅವನಿಗೆ ಹೆದರಿಕೆಯಾಗಿತ್ತು.

ಮಾಬುಬಿ ಜೋಳ ಹಸನು ಮಾಡುತ್ತ ಕೂತಿದ್ದಳು. ಅವನು ಎಲ್ಲವನ್ನೂ ಹೇಳಿದ. ಆಕೆ ಮೊರ ಕೆಳಗಿಟ್ಟಳು. ಅಳಲಿಲ್ಲ.

"ಯಾದ್ಯಾಗ ಹೆಸರ ಐತೇನು?"

"ಐತಿ. ಓದ್ಲ್ಯಾ?"

"ಬ್ಯಾಡ," ಎಂದಳು. "ಇಲ್ಲಿ ಬ್ಯಾಡ. ಓಡಿ ಹೋದ ಅಂದ ಮಂದಿ ಮುಂದ ಓದು. ನಾನೂ ಬರ್ತೇನಿ."

"ಮತ್ತ ಅಪ್ಪನ ಬಗ್ಗೆ ಏನರೆ ಹೇಳು ಅವ್ವಾ. ಬರಿಯಾಕ ಬೇಕು."

"ಕುದರಿಗಿ ನೀರ ಕುಡಸುವಾಗ ಸಿಳ್ಳಿ ಹಾಕ್ತಿದ್ರು," ಎಂದು ಮತ್ತೆ ಮೊರ ಎತ್ತಿಕೊಂಡಳು.

ಅಮೀನುದ್ದೀನ ಕೆಂಪು ರಟ್ಟಿನ ಪುಸ್ತಕವನ್ನು ಟ್ರಂಕಿನ ತಳಕ್ಕೆ ಹಾಕಿ, ರಜೆ ಬರೆದು, ಸೈಕಲ್ ಮೇಲೆ ಒಂಬತ್ತೂ ಹಳ್ಳಿ ತಿರುಗಿದ. ಮನೆ ಮನೆ ಕದ ತಟ್ಟಿದ. ಎಲ್ಲ ಊರಲ್ಲೂ ಒಂದೊಂದು ಓಡಿಹೋದ ಕಥೆ ಇತ್ತು. ಒಬ್ಬ ಫಕೀರನಾದನಂತೆ, ಒಬ್ಬ ಗಿರಣಿ ಸೇರಿದನಂತೆ, ಒಬ್ಬ ಕೊಲೆ ಮಾಡಿ ತಲೆ ತಪ್ಪಿಸಿಕೊಂಡನಂತೆ. ಆ ಕೊಲೆಯಲ್ಲಿ ಸತ್ತವನು ಯಾರೆಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಸಾತವ್ವ ಎಂಬ ಮುದುಕಿ, "ನಮ್ಮಣ್ಣ ಹೋದ ಮ್ಯಾಲ ನಮ್ಮವ್ವ ಸಾಯೂ ಮಟಾ ಬಾಗಲಾ ಹಾಕಲಿಲ್ಲೋ ಯಪ್ಪಾ," ಎಂದು ಅವನ ಕೈ ಹಿಡಿದು ಬಿಡಲೇ ಇಲ್ಲ. ಪ್ರತಿಯೊಬ್ಬನಿಗೂ ಅವನು ಒಂದೊಂದು ಪುಟ ಬರೆದ.

ಇತಿಹಾಸ ಬರೆದು ಮುಗಿದು, ಎಲ್ಲರ ಮುಂದೆ ಓದುವ ದಿನ ವಾಡೆಯ ಅಂಗಳದಲ್ಲಿ ಜಮಖಾನೆ ಹಾಸಿತ್ತು. ಇಂಡಿಯ ಬೀಗರು ದಿಂಬಿಗೆ ಒರಗಿದ್ದರು. ಮಾಸ್ತರ ಊರೂರು ತಿರುಗಿ ಕರೆದಿದ್ದರಿಂದ ಒಂಬತ್ತೂ ಹಳ್ಳಿಯ ಜನ ಬಂದಿದ್ದರು. ಇಷ್ಟು ಮಂದಿ ತಮ್ಮ ವಂಶದ ಕೀರ್ತಿ ಕೇಳಲು ಬಂದರೆಂದು ಖಂಡೇರಾಯರು ಮೀಸೆಯ ಮೇಲಿನ ಕೈ ತೆಗೆಯಲಿಲ್ಲ. ಹೆಂಗಸರ ನಡುವೆ, ಬೇವಿನ ಗಿಡದ ಬುಡದಲ್ಲಿ, ಮಾಬುಬಿ ಕೂತಿದ್ದಳು.

"ತೊರೆಹಾಳ ಸಂಸ್ಥಾನದ ಇತಿಹಾಸ," ಎಂದು ಅಮೀನುದ್ದೀನ ಶುರು ಮಾಡಿದ. "ಒಂದನೆಯವನು ರೇವಪ್ಪ, ತಂದೆ ಸೋಮನಿಂಗ. ತೊದಲುತ್ತಿದ್ದ, ಆದರೆ ಭಜನೆಯಲ್ಲಿ ತೊದಲುತ್ತಿರಲಿಲ್ಲ. ಹಡಗಿನಲ್ಲಿ ಸತ್ತ. ಎರಡನೆಯವನು ಮೋದಿನಸಾಬ, ತಂದೆ ಅಲ್ಲಿಸಾಬ. ಹೊಸ ಹೋರಿ ಕೊಂಡು ಎಂಟು ದಿನವಾಗಿತ್ತು. ಹಡಗಿನಲ್ಲಿ ಸತ್ತ."

ಏಳನೆಯ ಹೆಸರಿನ ಹೊತ್ತಿಗೆ ಅಂಗಳದಲ್ಲಿ ಕೆಮ್ಮು ನಿಂತಿತು. ಹನ್ನೆರಡನೆಯದಕ್ಕೆ ಸಾತವ್ವ ಎದ್ದು ನಿಂತಳು, ಮತ್ತೆ ಕೂಡಲಿಲ್ಲ. ಆಮೇಲೆ ಒಂದೊಂದು ಹೆಸರಿಗೂ ಯಾರೋ ಒಬ್ಬರು ಏಳುತ್ತಿದ್ದರು. ಮೂವತ್ತಮೂರನ್ನು ಅಮೀನುದ್ದೀನ ತಡವರಿಸಿ ಓದಿ ಮುಂದೆ ಹೋದ. ಖಂಡೇರಾಯರು ಮೊದಮೊದಲು ಇದು ಪೀಠಿಕೆ ಇರಬೇಕೆಂದು ತಲೆದೂಗುತ್ತಿದ್ದರು. ನಲವತ್ತೊಂದನೆಯದು ಮುಗಿದಾಗ ಜಮಖಾನೆಯ ಮೇಲಿನ ನಾಲ್ಕು ಜನರನ್ನು ಬಿಟ್ಟರೆ ಇಡೀ ಅಂಗಳ ಎದ್ದು ನಿಂತಿತ್ತು.

"ಮಾಸ್ತರ!" ಎಂದರು ದೇಸಾಯರು. "ನಮ್ಮ ವಂಶ ಎಲ್ಲಿ?"

"ಐತ್ರಿ," ಎಂದು ಅಮೀನುದ್ದೀನ ಕೊನೆಯ ಹಾಳೆ ತೆಗೆದ. "ಈ ಕಾಲದಲ್ಲಿ ತೊರೆಹಾಳದ ವಾಡೆಯಲ್ಲಿ ಒಂಬತ್ತು ಮಂದಿ ದೇಸಾಯರು ಇದ್ದರು. ಅವರ ಬಳಿ ಒಂದು ಬಂದೂಕು ಇತ್ತು."

ಅಷ್ಟೇ. ಅವನು ವಹಿ ಮುಚ್ಚಿದ. ಇಂಡಿಯ ಬೀಗರು ಮುಸಿಮುಸಿ ನಗುತ್ತ ರುಮಾಲಿನಿಂದ ಬಾಯಿ ಮುಚ್ಚಿಕೊಂಡರು. ಖಂಡೇರಾಯರು ಏನೋ ಕೂಗಿದರು, ಮಡಿವಾಳಪ್ಪನನ್ನು ಕರೆದರು. ಮಡಿವಾಳಪ್ಪ ಬರಲಿಲ್ಲ, ಅವನು ನಿಂತವರ ಸಾಲಿನ ಹಿಂದೆ ಮುಖ ಮುಚ್ಚಿಕೊಂಡಿದ್ದ. ದೇಸಾಯರ ಕಡೆ ಯಾರೂ ನೋಡುತ್ತಿರಲಿಲ್ಲ.

ಬೇವಿನ ಬುಡದಿಂದ ಮಾಬುಬಿಯ ದನಿ ಬಂತು. "ಅಮೀನಾ, ಮೂವತ್ತಮೂರನೇದು ಇನ್ನೊಮ್ಮೆ ಓದು. ತಡವರಿಸಬ್ಯಾಡ."

ಅವನು ವಹಿ ತೆರೆದ. ಆಕೆ ಒಂದೊಂದಾಗಿ ಕೈಯ ಬಳೆ ತೆಗೆದು ಸೆರಗಿನಲ್ಲಿ ಇಟ್ಟುಕೊಳ್ಳುತ್ತ ಕೇಳಿದಳು.

"ಮೂವತ್ತಮೂರನೆಯವನು ಹಾಜಿಮಲಂಗ, ತಂದೆ ಮಶಾಕಸಾಬ. ಕುದುರೆಗೆ ನೀರು ಕುಡಿಸುವಾಗ ಸಿಳ್ಳೆ ಹಾಕುತ್ತಿದ್ದ. ಸೊಲ್ಲಾಪುರಕ್ಕೆ ಹೋಗಿ ಬರುತ್ತೇನೆಂದು ಹೆಂಡತಿಗೆ ಹೇಳಿ ಹೋದ. ಹಡಗಿನಲ್ಲಿ ಸತ್ತ. ಓಡಿಹೋಗಲಿಲ್ಲ."